ಕುಕ್ಕು, ಕುಕ್ಕರು, ಕುಕ್ಕರಗಾಲು

ಕಾರ್ಖಾನೆಯ ಕ್ಯಾಂಟೀನಿಗೆ ಹೊಸ ಏಪ್ರನ್‌ಗಳು ಬಂದ ದಿನ ಅಡುಗೆಯಕ್ಕ ತನಗೆ ಬಡ್ತಿ ಸಿಕ್ಕಿದೆ ಎಂದುಕೊಂಡಳು. ತಪ್ಪು ಅವಳದಲ್ಲ. ಹೆಡ್ ಅಡುಗೆಯವನ ಎದೆಯ ಮೇಲೆ ಕೆಂಪು ದಾರದಲ್ಲಿ ಇಂಗ್ಲಿಷಿನ ನಾಲ್ಕಕ್ಷರ ಹೊಲಿದಿದ್ದರು, ಅವಳ ಎದೆಯ ಮೇಲೆ ಆರು. ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಅವನದು ‘ಕುಕ್’. ತನ್ನದು ‘ಕುಕ್ಕರ್’. ಬಸ್ಸು ಓಡಿಸುವವನು ಡ್ರೈವರ್, ಪಾಠ ಹೇಳುವವಳು ಟೀಚರ್, ಬಣ್ಣ ಬಳಿಯುವವನು ಪೇಂಟರ್. ಅಂದಮೇಲೆ ಬೇಯಿಸುವವಳು ಕುಕ್ಕರ್ ಆಗದೆ ಇನ್ನೇನಾಗಬೇಕು? ಅವನ ಹೆಸರನ್ನು ಮೊಟಕು ಮಾಡಿ ತನ್ನದನ್ನು ಪೂರ್ತಿ ಬರೆಸಿದ್ದಾರೆ. ಪರವಾಗಿಲ್ಲವೇ ಈ ಮ್ಯಾನೇಜರ್, ಮನುಷ್ಯನಿಗೆ ಕಣ್ಣಿದೆ ಎಂದುಕೊಂಡು ಏಪ್ರನ್ನಿನ ಲಾಡಿ ಬಿಗಿದಳು.

ಕಣ್ಣಿದ್ದ ಯಾರಿಗಾದರೂ ಅಲ್ಲಿ ಅಡುಗೆ ಯಾರದೆಂದು ಗೊತ್ತಾಗುತ್ತಿತ್ತು. ಅವಳು ಕೆಲಸಕ್ಕೆ ಸೇರಿದ್ದು ತರಕಾರಿ ಹೆಚ್ಚಲು. ಹೆಡ್ಡಿಗೆ ಭುಜದ ನೋವು ಶುರುವಾದಾಗ ಸೌಟು ಅವಳ ಕೈಗೆ ಬಂತು. ಭುಜ ವಾಸಿಯಾಯಿತು, ಸೌಟು ವಾಪಸು ಹೋಗಲಿಲ್ಲ. ಅಂದಿನಿಂದ ಅವನ ಕೆಲಸವೆಂದರೆ ಕುರ್ಚಿಯಲ್ಲಿ ಕೂತು, ಅವಳು ತಂದುಕೊಟ್ಟ ಚಮಚ ನೆಕ್ಕಿ, ಕಣ್ಣು ಮುಚ್ಚಿ “ಹ್ಞೂಂ” ಅನ್ನುವುದು. ಪಾತ್ರೆ ತೊಳೆಯುವ ಪಾತ್ರೆಯಕ್ಕ ಅವನಿಗೆ ರುಚಿರಾಯ ಎಂದು ಹೆಸರಿಟ್ಟಿದ್ದಳು. “ನಾಲಿಗೆ ಒಂದು ಬಿಟ್ರೆ ಮಿಕ್ಕ ಮೈಯೆಲ್ಲ ರಜಾದಲ್ಲಿದೆ ಕಣೇ ಅವನದು” ಎಂದು ಅವನಿಗೆ ಕೇಳಿಸುವ ಹಾಗೆಯೇ ಹೇಳುತ್ತಿದ್ದಳು.

ಸಂಜೆ ಅಡುಗೆಯಕ್ಕ ಏಪ್ರನ್ ಬಿಚ್ಚದೆಯೇ ಬೀದಿಯುದ್ದಕ್ಕೂ ನಡೆದು ಮನೆಗೆ ಬಂದಳು. ಅವಳ ಗಂಡ ಬಸ್ ಕಂಡಕ್ಟರ್. ಡ್ಯೂಟಿ ಮುಗಿಸಿ ಬಂದು ಕಾಲು ಚಾಚಿದ್ದ. ಅವಳೂ ಡ್ಯೂಟಿ ಮುಗಿಸಿಯೇ ಬಂದಿದ್ದಳು. ಆದರೆ ಆ ಮನೆಯಲ್ಲಿ ಚಾಚಲು ಜಾಗವಿದ್ದದ್ದು ಒಂದು ಜೊತೆ ಕಾಲಿಗೆ ಮಾತ್ರ. ಅಕ್ಕಿ ತೊಳೆದು, ಒಲೆ ಹಚ್ಚಿ ಕುಕ್ಕರ್ ಇಟ್ಟು, ಕಾಲೇಜಿಗೆ ಹೋಗುವ ಮಗಳೆದುರು ಎದೆಯುಬ್ಬಿಸಿ ನಿಂತಳು.

“ಓದೇ.”

ಮಗಳು ಓದಿ ತುಟಿ ಕಚ್ಚಿಕೊಂಡಳು. “ಯಾರಮ್ಮಾ ಇದನ್ನ ಬರೆಸಿದ್ದು?”

“ಮ್ಯಾನೇಜರ್ರು. ಯಾಕೆ?”

“ಅಡುಗೆ ಮಾಡೋರಿಗೆ ಕುಕ್ ಅಂತಾರಮ್ಮ, ಅಷ್ಟೇ. ಗಂಡಸಾದ್ರೂ ಕುಕ್, ಹೆಂಗಸಾದ್ರೂ ಕುಕ್. ಕುಕ್ಕರ್ ಅಂದ್ರೆ…” ಮಗಳು ಒಲೆಯತ್ತ ಕೈ ತೋರಿಸಿದಳು. ಹೆಸರು ಕರೆದದ್ದು ಕೇಳಿಸಿತೋ ಎಂಬಂತೆ ಒಲೆಯ ಮೇಲಿನದು ಉದ್ದಕ್ಕೆ ಒಂದು ವಿಶಲ್ ಹಾಕಿತು.

ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. “ಸರಿಯಾಗೇ ಬರೆಸಿದ್ದಾನಲ್ಲೇ! ಬೆಳಗಾದ್ರೆ ಬುಸ್ ಅಂತೀಯ, ಸಂಜೆಯಾದ್ರೆ ಕುಯ್ ಅಂತೀಯ.”

“ಡ್ರೈವ್ ಮಾಡೋನು ಡ್ರೈವರ್ ಆದ್ರೆ, ಕುಕ್ ಮಾಡೋಳು ಯಾಕೆ ಕುಕ್ಕರ್ ಆಗಲ್ಲ?” ಅವಳು ಮಗಳನ್ನು ತರಾಟೆಗೆ ತೆಗೆದುಕೊಂಡಳು.

“ನನ್ನ ಕೇಳಿದ್ರೆ? ನಾನೇನು ಇಂಗ್ಲಿಷ್ ಹೆತ್ತಿದ್ದೀನಾ?”

ಕುಕ್ಕರ್ ಅನ್ನಿಸಿಕೊಂಡದ್ದಕ್ಕಿಂತ, ಅದನ್ನು ಬಡ್ತಿ ಎಂದುಕೊಂಡು ಬೀದಿಗೆಲ್ಲ ತೋರಿಸುತ್ತಾ ಬಂದೆನಲ್ಲ ಎಂದು ಅವಳ ಕಿವಿ ಬಿಸಿಯಾಯಿತು.

ಮರುದಿನ ಮ್ಯಾನೇಜರನ ಮೇಜಿನ ಮುಂದೆ ನಿಂತಳು. “ಸಾರ್, ಎರಡಕ್ಷರ ಜಾಸ್ತಿ ಬಿದ್ದಿದೆ. ತೆಗೆಸಿಕೊಡಿ.”

“ನಾನೇ ಯೋಚನೆ ಮಾಡಿ ಬರೆಸಿದ್ದಮ್ಮ ಅದು. ಇಬ್ಬರಿಗೂ ಒಂದೇ ಥರ ಹಾಕಿದ್ರೆ ದೊಡ್ಡೋರು ಯಾರು ಅಂತ ಗೊತ್ತಾಗಬೇಡ್ವಾ?”

“ಹೆಡ್ಡು ಈ ತಿಂಗಳ ಕೊನೆಗೆ ಕೆಲಸ ಬಿಡ್ತಾರಲ್ಲ ಸಾರ್. ಆಮೇಲೆ ಆ ಜಾಗ?” ಈ ಪ್ರಶ್ನೆಯನ್ನು ಅವಳು ತಿಂಗಳುಗಟ್ಟಲೆ ಗಂಟಲಲ್ಲಿ ಇಟ್ಟುಕೊಂಡಿದ್ದಳು. ಆ ಜಾಗ ತನ್ನದೇ ಎಂಬ ನಂಬಿಕೆಯನ್ನೂ.

“ಅದಕ್ಕೆ ನಮ್ಮ ಭಾವಮೈದುನ ಬರ್ತಾನೆ. ಕುಕ್ ಜಾಗಕ್ಕೆ ಕುಕ್ಕೇ ಬರಬೇಕಲ್ವಾ?”

“ಅವರಿಗೆ ಅಡುಗೆ ಬರುತ್ತಾ ಸಾರ್?”

“ನೀನಿದ್ದೀಯಲ್ಲ!” ಎಂದ ಮ್ಯಾನೇಜರ್, ಹೊಗಳಿದೆನೆಂಬ ಖುಷಿಯಲ್ಲಿ.

ಅವಳು ಅಡುಗೆಮನೆಗೆ ಬಂದು ನಡೆದದ್ದನ್ನು ಹೇಳಿದಳು. ಪಾತ್ರೆಯಕ್ಕನಿಗೆ ಅವಳಿಗಿಂತ ಹೆಚ್ಚು ಸಿಟ್ಟು ಬಂತು. “ಬ್ಲೇಡು ತರ್ತೀನಿ ಇರು. ಆ ಎರಡಕ್ಷರ ಕಿತ್ತು ಅವನ ಮುಖಕ್ಕೆ ಎಸಿ.”

“ಬೇಡ ಬಿಡು. ಸಾಹೇಬ್ರು ಬರೆಸಿದ ಹಾಗೇ ಇರ್ತೀನಿ” ಎಂದವಳು ದೊಡ್ಡ ಒಲೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತುಬಿಟ್ಟಳು.

ಸುತ್ತು ಹೊಡೆಯಲು ಬಂದ ಮ್ಯಾನೇಜರ್ ಬಾಗಿಲಲ್ಲೇ ನಿಂತ. ಒಲೆ ತಣ್ಣಗಿತ್ತು.

“ಇದೇನಮ್ಮ, ಅಕ್ಕಿ ತೊಳೆದಿಲ್ವಾ?”

“ಕುಕ್ಕರ್ ಅಕ್ಕಿ ತೊಳೆಯಲ್ಲ ಸಾರ್. ತೊಳೆದು ಹಾಕಿದ್ರೆ ಬೇಯಿಸುತ್ತೆ.”

“ತರಕಾರಿ?”

“ಅದಕ್ಕೆ ಕೈಯಿಲ್ಲ.”

“ಉಗ್ರಾಣದಿಂದ ಬೇಳೆ ತರೋರು ಯಾರು?”

“ಕಾಲೂ ಇಲ್ಲ ಸಾರ್.”

ಪಾತ್ರೆಯಕ್ಕ ತೊಟ್ಟಿಯೊಳಗೆ ತಲೆ ತೂರಿಸಿಕೊಂಡು ನಕ್ಕಳು. ಮ್ಯಾನೇಜರ್ ಕೆಂಡವಾದ. “ಕೆಲಸದಿಂದ ತೆಗೆದುಹಾಕ್ತೀನಿ ನೋಡು!”

“ತೆಗೀರಿ ಸಾರ್. ಬಟ್ಟೆ ಹಿಡ್ಕೊಂಡು ತೆಗೀರಿ, ಬಿಸಿ ಇದೆ.”

ತೆಗೆದೇಬಿಟ್ಟರೆ ಮನೆಯಲ್ಲಿ ಆ ಇನ್ನೊಂದು ಕುಕ್ಕರಿನ ಪಕ್ಕ ಕೂರುವುದೇ ಗತಿ ಎಂದು ಅವಳಿಗೆ ಗೊತ್ತಿತ್ತು. ಆದರೂ ಏಳಲಿಲ್ಲ.

ಊಟದ ಗಂಟೆ ಹತ್ತಿರವಾಗುತ್ತಿತ್ತು. ಮ್ಯಾನೇಜರ್ ತೋಳು ಮಡಿಸಿ ಅಕ್ಕಿ ತೊಳೆಯಲು ಹೋಗಿ, ಅರ್ಧ ಅಕ್ಕಿಯನ್ನು ಮೋರಿಗೆ ಬಿಟ್ಟ. ರುಚಿರಾಯನ ಕೈಗೆ ಈರುಳ್ಳಿ ಬಂತು. ಅವನು ಗಳಗಳನೆ ಅಳುತ್ತಾ ಹೆಚ್ಚಿದ. ಅವರು ಸುರಿದದ್ದನ್ನೆಲ್ಲ ಅಡುಗೆಯಕ್ಕ ನಿಷ್ಠೆಯಿಂದ ಬೇಯಿಸಿದಳು. ಬೆಂದಮೇಲೆ ತುಟಿ ಮುಂದೆ ಮಾಡಿ ವಿಶಲ್ ಹಾಕಿ, “ಇಳಿಸಿ ಸಾರ್” ಎಂದಳು.

ರುಚಿರಾಯ ಚಮಚ ನೆಕ್ಕಿದ. “ಹ್ಞೂಂ” ಬರಲಿಲ್ಲ. “ಉಪ್ಪೇ ಇಲ್ಲ.”

“ಹಾಕ್ರೀ ಮತ್ತೆ!”

“ಎಷ್ಟು ಅಂತ ಹಾಕ್ಲಿ ಸಾರ್? ಕಮ್ಮಿಯಾದ್ರೆ ಹೇಳ್ತೀನಿ, ಜಾಸ್ತಿಯಾದ್ರೆ ಹೇಳ್ತೀನಿ. ಸರಿಯಾಗಿ ಹಾಕೋದು ನನ್ನ ಡಿಪಾರ್ಟ್‌ಮೆಂಟಲ್ಲ.”

ಗಂಟೆ ಹೊಡೆಯಿತು. ಕಿಟಕಿಯಾಚೆ ಕೆಲಸಗಾರರ ಸಾಲು ತಟ್ಟೆ ಬಡಿಯತೊಡಗಿತು. ಮ್ಯಾನೇಜರ್ ಅವಳೆದುರು ಬಂದು ತಾನೂ ಕುಕ್ಕರಗಾಲಿನಲ್ಲಿ ಕೂತ. ಪ್ಯಾಂಟು ಬಿಗಿಯಿತ್ತು, ಮುಖ ಕಿವುಚಿಕೊಂಡಿತು.

“ಏಳಮ್ಮ ತಾಯಿ. ಕುಕ್ ಅಂತ ಹೊಸದು ಹೊಲಿಸಿಕೊಡ್ತೀನಿ.”

“ಹೊಲಿಗೆ ಹಾಗಿರಲಿ. ಜಾಗ ಯಾರಿಗೆ?”

ತಟ್ಟೆಗಳ ಸದ್ದು ಜೋರಾಯಿತು. “ನಿನಗೇ” ಎಂದು ಪಿಸುಗುಟ್ಟಿದ.

“ನನಗೆ ಕೇಳಿಸ್ತು ಸಾರ್. ಅವರಿಗೆ ಕೇಳಿಸಲಿಲ್ಲ.”

ಅವನು ಮೊಣಕಾಲು ಹಿಡಿದುಕೊಂಡು ಎದ್ದು, ಕಿಟಕಿಯಲ್ಲಿ ತಲೆ ಹಾಕಿ ಕೂಗಿದ: “ಮುಂದಿನ ತಿಂಗಳಿಂದ ಹೆಡ್ ಕುಕ್ ನಮ್ಮ ಅಡುಗೆಯಕ್ಕ!”

“ಇಷ್ಟು ದಿನ ಇನ್ಯಾರಿದ್ರು?” ಎಂದಿತು ಸಾಲಿನಿಂದ ಒಂದು ದನಿ. “ಊಟ ಹಾಕ್ಸಿ ಸಾರ್.”

ಅಡುಗೆಯಕ್ಕ ಎದ್ದಳು. ಒಂದು ಹಿಡಿ ಉಪ್ಪು ಹಾಕಿ ತಿರುವಿ, ಉಪ್ಪಿನ ಡಬ್ಬಿಯನ್ನು ಮ್ಯಾನೇಜರನ ಮುಂದೆ ಕುಕ್ಕಿದಳು. ಆ ಕುಕ್ಕು ಮಾತ್ರ ಅಪ್ಪಟ ಕನ್ನಡದ್ದು.

ಸಂಜೆ ಸುದ್ದಿ ಕೇಳಿ ಗಂಡ ಚಪ್ಪಾಳೆ ತಟ್ಟಿದ. “ಹೆಡ್ ಕುಕ್ಕಾ! ಭೇಷ್! ಹಾಗಾದ್ರೆ ಇವತ್ತು ಮನೇಲೂ ಏನಾದ್ರೂ ಸ್ಪೆಷಲ್ ಆಗ್ಲಿ.”

“ನನ್ನ ಡ್ಯೂಟಿ ಮುಗೀತು ರೀ.”

“ಮನೇಲಿ ಎಂಥಾ ಡ್ಯೂಟಿನೇ?”

“ನೀವು ಮನೆಗೆ ಬಂದ್ಮೇಲೆ ನಮಗೆಲ್ಲ ಟಿಕೆಟ್ ಹರೀತೀರಾ?” ಎಂದು ಅವಳು ಅವನ ಪಕ್ಕದಲ್ಲೇ ಕೂತು ಕಾಲು ಚಾಚಿದಳು. ಜಾಗ ಸಾಲದೆ ಅವನು ಕಾಲು ಮಡಿಸಿಕೊಳ್ಳಬೇಕಾಯಿತು.

“ಮತ್ತೆ ಊಟ?”

“ಕುಕ್ಕರ್ ಇದೆಯಲ್ಲ.”

ಅವನು ಅವಳ ಮುಖ ನೋಡಿದ. ತಮಾಷೆ ಕಾಣಲಿಲ್ಲ. ಗೊಣಗುತ್ತಾ ಎದ್ದು ಹೇಗೋ ಅಕ್ಕಿ ನೀರು ಹಾಕಿದ. ಮುಚ್ಚಳ ಮಾತ್ರ ಜಪ್ಪಯ್ಯ ಅಂದರೂ ಕೂರಲೊಲ್ಲದು. ಹಿಂದುಮುಂದು ಮಾಡಿದ, ತಲೆಕೆಳಗು ಮಾಡಿದ, ಗುದ್ದಿದ. ಮಗಳು ನಗು ತಡೆಯಲಾರದೆ ಎದ್ದಳು. “ಕೊಡಪ್ಪಾ ಇಲ್ಲಿ…”

ಅಮ್ಮ ಅವಳ ಮಣಿಕಟ್ಟು ಹಿಡಿದು ಕೂರಿಸಿದಳು. “ಬಾಯಲ್ಲಿ ಹೇಳು, ಸಾಕು. ಕೈ ಹಾಕಿದ್ಯೋ, ನಾಳೆಯಿಂದ ನೀನೇ ಕುಕ್ಕರ್.”

ಮಗಳು ಕೂತಲ್ಲಿಂದಲೇ ಹೇಳಿದಳು: “ಓರೆ ಮಾಡಿ ಒಳಗೆ ತೂರಿಸಪ್ಪಾ.”

“ಯಾವ ಕಡೆಗೆ?” ಎಂದ ಅವನು.