ಇಲಿಮನೆಯಲ್ಲಿ ಕೆಂಪು ಬಾಳೆ

ಕಮಲಾಪುರದ ಮಾಪಣ್ಣ ಬರಿಗೈಯಲ್ಲಿ ಹೊಸ್ತಿಲು ದಾಟಿದ್ದನ್ನು ಕಂಡವರು ಭೂಮಂಡಲದಲ್ಲಿಲ್ಲ. ಇದ್ದರೂ ಅವರ ಸಾಕ್ಷಿಯನ್ನು ಯಾರೂ ನಂಬುವುದಿಲ್ಲ. ಮಕ್ಕಳ ಮನೆಗೆ, ದೇವರ ಗುಡಿಗೆ, ರೋಗಿಯ ಮಂಚಕ್ಕೆ, ಎಲ್ಲಿಗೆ ಹೋದರೂ ಚೀಲದಲ್ಲಿ ಊರಿನ ಕೆಂಪು ಬಾಳೆಹಣ್ಣು. ಹಲ್ಲು ಕೀಳಿಸಿಕೊಳ್ಳಲು ಕಲಬುರಗಿಯ ಜಗತ್ ಸರ್ಕಲ್ಲಿಗೆ ಹೋದಾಗಲೂ ಡಾಕ್ಟರರಿಗೆ ಎರಡು ಹಣ್ಣು ಒಪ್ಪಿಸಿದ ಮೇಲೆಯೇ ಬಾಯಿ ತೆರೆದನಂತೆ. ಅವನನ್ನು ಅಟ್ಟಿಸಿಕೊಂಡು ಬಂದ ನಾಯಿ ಹಣ್ಣು ತಿಂದು ಬಸ್‌ಸ್ಟ್ಯಾಂಡಿನ ತನಕ ಬೀಳ್ಕೊಟ್ಟಿತು ಎನ್ನುವವರೂ ಇದ್ದಾರೆ.

ಇಂಥ ಮಹಾಪುರುಷ ಹದಿನೆಂಟು ವರ್ಷದಿಂದ ದಿನಾ ಬಸ್ಸು ಹತ್ತಿ ಕಲಬುರಗಿಗೆ ಬರುತ್ತಿದ್ದುದು ಒಂದು ಪ್ರಯೋಗಾಲಯದಲ್ಲಿ ಇಲಿಗಳ ಪಂಜರ ತೊಳೆಯಲು.

ಇಲಿಗಳು ಅಲ್ಲಿನ ವಿಜ್ಞಾನಿ ಭುವನೇಶ್ವರಿ ಮೇಡಂ ಅವರವು. ನಲವತ್ತರಲ್ಲಿ ಇಪ್ಪತ್ತಕ್ಕೆ ಹುಟ್ಟಿನಿಂದಲೇ ಒಂದು ಜೀನ್ ಬದಲಾಗಿತ್ತು. ಅವುಗಳಲ್ಲಿ ಹೃದಯಕ್ಕೆ ಪೆಟ್ಟಾದವು ಬೇಗ ಚೇತರಿಸಿಕೊಳ್ಳುತ್ತಿದ್ದವು. ಕ್ಯಾನ್ಸರ್ ಗಡ್ಡೆ ಇದ್ದವುಗಳ ಗಡ್ಡೆಯೂ ಅಷ್ಟೇ ಬೇಗ ಊದುತ್ತಿತ್ತು. ಗಾಯ ಮಾಯಿಸುವ ಜೀನೇ ಗಡ್ಡೆಯನ್ನೂ ಸಾಕುತ್ತದೆಂದು ತೋರಿಸಲು ಮೇಡಂ ಮೂರು ವರ್ಷ ಸವೆಸಿದ್ದರು. ಷರತ್ತು ಒಂದೇ: ನಲವತ್ತಕ್ಕೂ ಆಹಾರ ಒಂದೇ ಇರಬೇಕು.

ಸೋಮವಾರ, ಜೀನ್ ಬದಲಾದ ಇಲಿಗಳ ಪಂಜರದಲ್ಲಿ ಹಾಸಿದ್ದ ಹೊಟ್ಟಿನಲ್ಲಿ ಕೆಂಪು ಸಿಪ್ಪೆಯ ಚೂರು ಸಿಕ್ಕಿತು.

“ಮಾಪಣ್ಣ, ಏನ್ರೀ ಇದು?”

“ಬಾಳಿಹಣ್ಣಿನ ಸಿಪ್ಪಿರಿ.”

“ಅದು ನನಗೂ ಕಾಣ್ತದ. ಇಲಿಗಿ ಹಣ್ಣು ಹಾಕೀರೇನು?”

“ಮಕ್ಕಳಂಥ ಜೀವರಿ ಮೇಡಂ. ದಿನಾ ಬರಿಗೈಲೆ ಬಂದು ಮಾರಿ ಹ್ಯಾಂಗ ತೋರಸ್ಲಿ?”

“ಎಷ್ಟು ದಿನದಿಂದ?”

“ಅವು ಬಂದ ದಿನದಿಂದರಿ.”

ಮೇಡಂ ಸ್ಟೂಲಿನ ಮೇಲೆ ಕುಸಿದರು. ಇವನು ಕನಿಕರಪಟ್ಟು ಈ ಇಪ್ಪತ್ತಕ್ಕಷ್ಟೇ ಉಣಿಸಿದ್ದರೆ, ಹೃದಯ ಮಾಯಿಸಿದ್ದು ಜೀನೋ ಬಾಳೆಹಣ್ಣೋ ಎಂದು ಕೇಳಿದವರಿಗೆ ಏನು ಹೇಳುವುದು? ಮೂರು ವರ್ಷ ಕಸದ ಬುಟ್ಟಿಗೆ.

“ಯಾವ ಇಲಿಗಿ ಕೊಟ್ಟೀರಿ?”

“ನಮ್ಮೂರ ಹಣ್ಣು ಎಲ್ಲಾ ಕಡಿ ಬೆಳೆಯಂಗಿಲ್ರಿ. ಆ ಮಣ್ಣೇ ಬ್ಯಾರೆ...”

“ಮಣ್ಣು ಬ್ಯಾಡ, ಮಾಪಣ್ಣ.”

“ತೋಟದಾಗ ನಮ್ಮ ಕಾಕಾ ಏನಂತಿದ್ದ ಅಂದ್ರ...”

“ಕಾಕಾನೂ ಬ್ಯಾಡ.” ಮೇಡಂ ಹಣೆ ಒತ್ತಿಕೊಂಡರು. “ಕೈ ಮುಗೀತೀನಿ. ಯಾವ ಇಲಿಗಿ ಕೊಟ್ಟೀರಿ, ಅದಷ್ಟ ಹೇಳ್ರಿ.”

ಮಾಪಣ್ಣ ಸಾಲಾಗಿ ಇಟ್ಟ ಪಂಜರಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಇಷ್ಟು ಓದಿದವರು ಇದನ್ನೂ ಕೇಳಬೇಕೇ ಎಂಬಂತೆ ಹೇಳಿದ:

“ನಲವತ್ತಕ್ಕೂ ಒಂದೊಂದು ಕಡ್ಲಿಕಾಳಿನಷ್ಟು ಕೊಟ್ಟೀನ್ರಿ. ಪಂಕ್ತ್ಯಾಗ ಭೇದ ಮಾಡಬಾರದಲ್ರಿ.”