ಅಜ್ಜಿ ಚಿತ್ರದಾಗ ಎರಡು ಗೆರಿ

ಕೇಳ್ರಿ ಗೆಳತ್ಯಾರ, ಇವತ್ತ ಮಧ್ಯಾಹ್ನ ಮಾನ್ವಿಯ ನಮ್ಮ ಮನ್ಯಾಗ ಜಗಳ ಆತು, ಅದೂ ನಾಕು ಹಾಳಿ ಪುಸ್ತಕದ ಸಲುವಾಗಿ.

ನಮ್ಮಕ್ಕ ಜ್ವರ ಬಂದು ತೀರಿಕೊಂಡು ಎರಡು ತಿಂಗಳಾತು. ಆಕಿಯ ಐದು ವರ್ಷದ ಮಗಳು ಗಂಗಿಗೆ ನಮ್ಮವ್ವ, "ನಿಮ್ಮವ್ವ ಕವಿತಾಳ ಊರಿಗೆ ಹೋಗ್ಯಾಳ, ಬರ್ತಾಳ" ಅಂತ ಹೇಳಿಬಿಟ್ಟಾಳ. ಕವಿತಾಳದ ಮೋಟಾರು ಬಂದಾಗೊಮ್ಮೆ ಕೂಸು ಬಾಗಿಲ ಮುಂದಿನ ಕಟ್ಟಿ ಮ್ಯಾಲ ಓಡ್ತದ. ನನಗ ನೋಡಾಕ ಆಗಲಿಲ್ಲ. ದೇಶದೇಶದ ನಡುವ ಲಡಾಯಿ ನಡದದ ಅಂತ ಕಾಗದ ಸಿಗವಲ್ದು. ಅದಕ್ಕ ನಾ ಕಲಸೋ ಸಾಲಿಯ ಹಳೇ ಉರ್ದು ಪರೀಕ್ಷಾ ಕಾಗದದ ಹಿಂದ ಇದ್ದಲಿಲೆ ಚಿತ್ರ ತೆಗದು, ದಾರ ಹಾಕಿ ಹೊಲದೆ. ಅಕ್ಕ ರೊಟ್ಟಿ ಬಡಿಯೋದು, ಅಕ್ಕ ಜ್ವರದಾಗ ಮಲಗಿದ್ದು, ಖಾಲಿ ಹಾಸಿಗಿ, ಕಡೀಗೆ ಒಲಿ ಮುಂದ ಅಜ್ಜಿ, ಅಂದ್ರ ನಮ್ಮವ್ವ.

ಅವ್ವ ಪುಸ್ತಕ ಕಸಗೊಳ್ಳಾಕ ಬಂದಳು. "ಸಣ್ಣ ಕೂಸಿಗೆ ಸಾವು ತೋರಸ್ತೀ ಏನಬೇ?"

"ನೀ ಕವಿತಾಳ ತೋರಿಸ್ದಿ ಯವ್ವಾ, ನಾ ಖರೇ ತೋರಸ್ತೀನಿ. ಬಿಡಂಗಿಲ್ಲ" ಅಂದೆ. ಗಂಗಿನ್ನ ತೊಡಿ ಮ್ಯಾಲ ಕುಂದ್ರಿಸಿಕೊಂಡು, "ನಿಮ್ಮವ್ವ ಸತ್ತಾಳ, ಇನ್ನ ಬರಂಗಿಲ್ಲ" ಅಂತ ಹೇಳಿದೆ.

ಕೂಸು ಬಾಳ ಹೊತ್ತು ಅತ್ತಿತು. ಆಮ್ಯಾಲ ಇದ್ದಲಿ ತಗೊಂಡು ಅಜ್ಜಿ ಚಿತ್ರದಾಗ ಕಣ್ಣಿನ ಕೆಳಗ ಎರಡು ಗೆರಿ ಎಳೀತು. "ಅಜ್ಜಿ ಒಲಿ ಮುಂದ ಅಳ್ತಾಳ ಚಿಗವ್ವಾ. ಕೇಳಿದ್ರ ಹೊಗಿ ಅಂತಾಳ. ನೀ ಚಿತ್ರದಾಗ ಅದನ್ನ ತೆಗದೇ ಇಲ್ಲ."

ಅವ್ವ ಒಳಗ ಹೋದಳು.

ಸಂಜಿ ಮೋಟಾರು ಬಂತು. ಗಂಗಿ ಏಳಲಿಲ್ಲ. ಕಟ್ಟಿ ಮ್ಯಾಲ ಬಂದು ಮೋಟಾರಿನ ಕಡೆ ಇಣುಕಿ ನೋಡಿದಾಕಿ ನಮ್ಮವ್ವ. ಯಾಕ ಅಂತ ಕೇಳಿದೆ. "ಒಳಗ ಹೊಗಿ ಬಾಳ ಆಗಿತ್ತು" ಅಂದಳು.

ಒಲಿ ಇನ್ನೂ ಹಚ್ಚಿರಲೇ ಇಲ್ಲ.