ಹುಸೇನಪ್ಪ ಎಂಬ ಹರಕೆಯ ಹೆಸರು

ಗುಂಡಾ, ಪುಟ್ಟೀ, ನಿಮ್ಮ ಅಪ್ಪನಿಗೆ ನಾನಿಟ್ಟ ಹೆಸರು ಹುಸೇನಪ್ಪ. ನಗು ಬಂದರೆ ನಗಿರಿ, ಆದರೆ ಪೂರ್ತಿ ಓದಿ.

ಅವನಿಗಿಂತ ಮೊದಲು ನನಗೆ ಎರಡು ಕೂಸು ಹುಟ್ಟಿ, ಎರಡೂ ತಿಂಗಳು ತುಂಬುವ ಮೊದಲೇ ಹೋದವು. ಮೂರನೆಯದು ಹೊಟ್ಟೆಯಲ್ಲಿದ್ದಾಗ ನನ್ನ ಅವ್ವ ಬಬಲೇಶ್ವರದಿಂದ ಬಂದು, ನನ್ನನ್ನು ವಿಜಾಪುರದ ಒಂದು ದರ್ಗಾಕ್ಕೆ ಕರೆದೊಯ್ದಳು. ಗಂಡುಕೂಸು ಹುಟ್ಟಿ ಉಳಿದರೆ ಹುಸೇನರ ಹೆಸರಿಡುತ್ತೇವೆಂದು ಹರಕೆ ಹೊತ್ತೆವು. ನಮ್ಮಂಥ ಹಿಂದೂ ಮನೆಗಳಲ್ಲೂ ಆಗ ಹೀಗೆ ಹೆಸರಿಡುವುದಿತ್ತು. ಹುಸೇನಪ್ಪ, ಫಕೀರಪ್ಪ ಎಂಬವರು ಪ್ರತಿ ಊರಲ್ಲೂ ಸಿಗುತ್ತಿದ್ದರು. ದರ್ಗಾ ನೋಡಿಕೊಳ್ಳುವ ಮುದುಕ ನನ್ನ ತಲೆಗೆ ನವಿಲುಗರಿ ಮುಟ್ಟಿಸಿ ಹೇಳಿದ,

"ಹಸನ್ ಅಂದ್ರ ಚೆಲುವ, ಹುಸೇನ್ ಅಂದ್ರ ಸಣ್ಣ ಚೆಲುವ. ಪೈಗಂಬರರ ಮೊಮ್ಮಗನ ಹೆಸರು ಇದು, ತಾಯಿ. ಕಾಳಗದಾಗ ನೀರಡಿಸಿ ಪ್ರಾಣ ಬಿಟ್ರು, ಅನ್ಯಾಯಕ್ಕ ತಲಿ ಬಾಗಲಿಲ್ಲ."

ಕೂಸು ಉಳಿಯಿತು. ಮೊಹರಮ್ಮಿನಲ್ಲಿ ಅವನ ಕೊರಳಿಗೆ ಕೆಂಪು ಲಾಡಿ ಕಟ್ಟಿ, ಹರಕೆಯಂತೆ ಫಕೀರನನ್ನಾಗಿ ಮಾಡಿ, ನಮ್ಮೂರು ತಿಕೋಟಾದ ಐದು ಮನೆಗಳಲ್ಲಿ ಜೋಳ ಬೇಡಿಸಿದೆ. ಓಣಿಯೆಲ್ಲ ಹುಸೇನಪ್ಪ ಎಂದೇ ಕರೆಯಿತು.

ಆರು ವರ್ಷಕ್ಕೆ ಶಾಲೆಗೆ ಸೇರಿಸಲು ಹೋದೆವು. ನಿಮ್ಮ ಅಜ್ಜ ಹೊಲದಲ್ಲಿದ್ದರು. ಅವರ ಅಣ್ಣ, ನನ್ನ ಭಾವ, ಮೇಜಿನ ಮುಂದೆ. ನಾನು ಸೆರಗು ಹೊದ್ದು ಬಾಗಿಲ ಹೊರಗೆ. ಮಾಸ್ತರರು ಹುಡುಗನ ಹೆಸರು ಕೇಳಿದರೆ ಭಾವ ಅವನಿಗೆ ತಮ್ಮ ಅಪ್ಪನ ಹೆಸರು ಹೇಳಿಬಿಟ್ಟರು!

"ಇವಗ ಹುಸೇನಪ್ಪ ಅಂತ ಕರೀತಾರಲ್ರಿ?" ಎಂದರು ಮಾಸ್ತರರು.

"ಅದು ಹೆಂಗಸರ ಹರಕಿ ಹೆಸರ್ರೀ. ನಾಳೆ ನೌಕರಿಗೆ ಹೋದ್ರ ನಗ್ತಾರ. ಬರೀರಿ ನೀವು."

ಮಾಸ್ತರರು ನನ್ನತ್ತ ನೋಡಿದರು. "ನೀ ಏನಂತೀಯವ್ವಾ?"

ಮಗ ಸೆರಗು ಜಗ್ಗಿದ. "ನನ್ನ ಹೆಸರು ಹೇಳ ಬೇ!"

ಭಾವನೆದುರು ಆವರೆಗೆ ಒಂದು ಮಾತೂ ಆಡಿದವಳಲ್ಲ ನಾನು. ತಲೆ ತಗ್ಗಿಸಿ ಸೆರಗು ಮುಂದಕ್ಕೆಳೆದುಕೊಂಡೆ. ಮಾಸ್ತರರು ಭಾವ ಹೇಳಿದ್ದನ್ನೇ ಬರೆದು, ಶಾಯಿ ಆರಿಸಿ, ಪುಸ್ತಕ ಮುಚ್ಚಿದರು.

ಮನೆಗೆ ಬಂದು ರೊಟ್ಟಿ ಬಡಿಯುತ್ತ ಒಲೆಗೆ ಹೇಳಿದೆ, "ಹುಸೇನಪ್ಪ ಅಂತ ಬರೀರಿ, ಮಾಸ್ತರ್ರ." ಎಷ್ಟು ಸಲೀಸಾಗಿ ಬಂತು! ಸಿಟ್ಟಿಗೆ ರೊಟ್ಟಿ ಹರಿಯಿತು. ವರ್ಷ ತುಂಬುವುದರೊಳಗೆ ಮಗನೇ ಆ ಹೆಸರಿಗೆ ಓಗೊಡುವುದನ್ನು ಬಿಟ್ಟ. ಕರೆದರೆ, "ಹಾಜರಿ ಒಳಗ ಅದಿಲ್ಲ" ಎನ್ನುತ್ತಿದ್ದ. ಅನ್ಯಾಯಕ್ಕೆ ತಲೆ ಬಾಗದವರ ಹೆಸರಿಗಾಗಿ ನಾನು ತಲೆ ಎತ್ತಲಿಲ್ಲ. ಭಾವನ ಮೇಲಿನ ಸಿಟ್ಟು ಎಂದೋ ಹೋಯಿತು. ನನ್ನ ಮೇಲಿನದು ಹೋಗಿಲ್ಲ.

ಆ ಹೆಸರು ಬರಹದಲ್ಲಿ ಇರುವುದು ಈ ಹಾಳೆಗಳಲ್ಲಿ ಮಾತ್ರ. ನಿಮ್ಮ ಅಪ್ಪನ ಶಾಲೆಯ ದಾಖಲೆ ಇರುವ ಟ್ರಂಕಿನಲ್ಲಿ, ಅದರ ಮೇಲೆಯೇ ಇವನ್ನಿಡಿ. ಇಲಿ ಕಡಿಯದಂತೆ ನೋಡಿಕೊಳ್ಳಿ.